ಲಾಂಪುಂಗಿಗೆ ಹೊರಟ ಸೈಕಲ್

ಮಳೆ ಹಿಂದೆಗೆದು, ಸುಂಬಿಂಗ್ ಬೆಟ್ಟದ ಇಳಿಜಾರಿನಲ್ಲಿ ತಂಬಾಕಿನ ಸಸಿ ನೆಡುವ ಕೆಲಸ ಶುರುವಾಗಿದ್ದ ದಿನಗಳು. ಬೆಳಗಿನ ನಮಾಜು ಮುಗಿದಿತ್ತು, ಮಂಜು ಇನ್ನೂ ಹೆಂಚುಗಳ ಮೇಲಿಂದ ಎದ್ದಿರಲಿಲ್ಲ. ಆ ಹೊತ್ತಿನಲ್ಲಿ ರುಬಿಯಾ ಬರಿಗೈಯಲ್ಲಿ ನಡೆದುಕೊಂಡು ಲೆಗಿ ಸಂತೆಗೆ, ಅಂದರೆ ಐದು ದಿನಕ್ಕೊಮ್ಮೆ ಲೆಗಿ ದಿನ ಸೇರುವ ಸಂತೆಗೆ, ಇಳಿದಳು.

ಬರಿಗೈ ಕಂಡವರೆಲ್ಲ ಕೇಳಿದರು. ಅವಳು ಮದುವೆಯಾಗಿ ಬಂದಾಗಿನಿಂದ ಜಾಮು ಮಾರುವವಳು. ಅರಿಸಿನ, ಶುಂಠಿ, ಕಚ್ಚೋರ, ಹುಣಿಸೆಹಣ್ಣು ಅರೆದು ಬಾಟಲಿಗೆ ತುಂಬಿ, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಊರೂರು ಸುತ್ತಿ ಕುಡಿಸುವ ಕಷಾಯ ಅದು. ಅಂಥ ಹೆಂಗಸರನ್ನು ಚಿಕ್ಕವರು ದೊಡ್ಡವರು ಎಲ್ಲರೂ ಯು ಎಂದೇ ಕರೆಯುತ್ತಾರೆ, ಅಂದರೆ ಅಕ್ಕ.

"ಏನ್ ಯು, ಕಷಾಯ ಇಲ್ವಾ ಇವತ್ತು? ನನ್ನ ಸೊಂಟ ಯಾರು ನೋಡ್ಕೋತಾರೆ?" ಎಂದ ಮರಗೆಣಸು ಮಾರುವವನು.

"ನಿನ್ನ ಹೆಂಡ್ತಿ ನೋಡ್ಕೋತಾಳೆ ಬಿಡು. ನಾನು ಸೈಕಲ್ ನೋಡೋಕ್ಕೆ ಬಂದಿದೀನಿ."

ಸೈಕಲ್ ಬೇಕಾಗಿದ್ದದ್ದು ಒಂದು ಹರಕೆಗೆ. ನಾಲ್ಕು ವರ್ಷದ ಹಿಂದೆ ಮಗಳು ಕುಸ್ಮಿನಿ ಹೆರಿಗೆ ನೋವಿನಲ್ಲಿ ಎರಡು ಹಗಲು ನರಳಿದಾಗ, ಜಿಲ್ಲಾಸ್ಪತ್ರೆಯ ವರಾಂಡದಲ್ಲಿ ನಿಂತು, ಅಳಿಯ ಪ್ರಾಪ್ತೊ ಕೇಳಿಸಿಕೊಳ್ಳುವ ಹಾಗೆಯೇ, ಅವಳು ಬಾಯಿ ಬಿಟ್ಟು ಹೇಳಿದ್ದಳು: ತಾಯಿ ಮಗು ಇಬ್ಬರೂ ಮನೆಗೆ ಬಂದರೆ ಲಾಂಪುಂಗಿನ ಅಕ್ಕನ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ, ಅಕ್ಕನ ಕೈಯಿಂದ ಒಂದು ತುತ್ತು ಅನ್ನ ತಿಂದು ಬರುತ್ತೇನೆ.

ಅಕ್ಕ ಜೆಮಿನಾಳೇ ಯಾಕೆ, ಸೈಕಲ್ಲೇ ಯಾಕೆ ಎಂದು ಆಮೇಲೆ ಬಹಳ ಜನ ಕೇಳಿದ್ದುಂಟು. ರುಬಿಯಾಳಿಗೆ ಸೈಕಲ್ ಕಲಿಸಿದವಳು ಜೆಮಿನಾ. ಸರ್ಕಾರದವರು ಜಾಗ ಕೊಡುತ್ತಾರೆಂದು ಗಂಡನ ಜೊತೆ ಸಮುದ್ರ ದಾಟಿ ಲಾಂಪುಂಗಿಗೆ ಹೊರಟ ದಿನ ಅವಳು ಲಾರಿಯ ಮೇಲೆ ಕೂತು ಅಳುತ್ತಿದ್ದಾಗ, ಲಂಗ ತೊಟ್ಟ ರುಬಿಯಾ ಕೆಳಗೆ ನಿಂತು, "ಅಳಬೇಡ ಯು, ನಾನು ಸೈಕಲ್ಲಲ್ಲಿ ಬರ್ತೀನಿ" ಅಂದಿದ್ದಳಂತೆ. ಲಾರಿಯಲ್ಲಿದ್ದವರೆಲ್ಲ ಅಳು ಬಿಟ್ಟು ನಕ್ಕಿದ್ದರಂತೆ. ಆಸ್ಪತ್ರೆಯಲ್ಲಿ ಅದೇ ಮಾತು ಬಾಯಿಗೆ ಬಂದುಬಿಟ್ಟಿತ್ತು.

ಆಡಿದ್ದನ್ನು ಆಡಿದ ಹಾಗೆಯೇ ತೀರಿಸಬೇಕು. ಮೊದಲನೇ ವರ್ಷ ಬಾಣಂತನವಾಯಿತು. ಆಮೇಲೆ ರುಬಿಯಾಳ ಗಂಡ ತೀರಿಕೊಂಡ. ಅವನು ಸತ್ತ ಸಾವಿರನೇ ದಿನದ ಊಟ ಹಾಕುವವರೆಗೆ ಮನೆ ಬಿಡುವ ಹಾಗಿರಲಿಲ್ಲ. ಈ ಮಳೆಗಾಲದಲ್ಲಿ ಮೊಮ್ಮಗಳು ಅರುಮಿಗೆ ಜ್ವರ ಬಿಟ್ಟು ಬಿಟ್ಟು ಬಂತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಕಷಾಯ ಕುಡಿದು ಲೋಟ ವಾಪಸ್ಸು ಕೊಡುವಾಗ ಹೆಂಗಸರು, "ಲಾಂಪುಂಗಿಂದ ಏನಾದ್ರೂ ಸುದ್ದಿ ಬಂತಾ ಯು?" ಎಂದು ಕೇಳುತ್ತಿದ್ದರು. ಅಷ್ಟು ಸಾಕಾಗಿತ್ತು. ದಿನ ನೋಡುವ ಮುದುಕ ಅವಳ ಹುಟ್ಟಿದ ದಿನಕ್ಕೆ ಕೂಡಿಸಿ ಕಳೆದು, ಲೆಗಿಯಾದ ಎರಡನೇ ದಿನ ಪೋನ್, ಈ ತಿಂಗಳು ಅದು ಬುಧವಾರ ಬೀಳುವ ದಿನ ಒಳ್ಳೆಯದು, ತಪ್ಪಿದರೆ ಮುಂದಿನ ಮಳೆ ಕಳೆಯುವವರೆಗೆ ಒಳ್ಳೆ ದಿನವಿಲ್ಲ ಎಂದ.

ದಾರಿ ಹೇಗಿದೆ ಎಂದು ಅವಳು ಫೋನಿನಲ್ಲಿ ಅಕ್ಕನನ್ನೇ ಕೇಳಿದ್ದಳು.

"ಹಡಗು ಇಳಿದ ಮೇಲೆ ಟಾರ್ ರೋಡು," ಎಂದಿದ್ದಳು ಜೆಮಿನಾ. "ಆಮೇಲೆ ಜಲ್ಲಿ. ರಬ್ಬರ್ ತೋಟದ ಒಳಗೆ ಬಂದ್ಮೇಲೆ ಕೆಂಪು ಮಣ್ಣು. ಮಳೆ ಬಿತ್ತು ಅಂದ್ರೆ ಅದು ಮಣ್ಣಲ್ಲ ಕಣೇ, ಹಲ್ವ. ನಿಜವಾಗ್ಲೂ ಬರ್ತೀಯಾ?"

"ಬರ್ತೀನಿ ಅಂದಿದ್ನಲ್ಲ."

"ಅಂದು ನಲವತ್ತು ವರ್ಷ ಆಯ್ತು. ಬೇಗ ಬಾ. ನಂಗೆ ಈಗ ಮುಖ ಎಲ್ಲ ಮಂಜುಮಂಜು."

ಕಷಾಯದ ಸೈಕಲ್ಲಿಗೆ ಗೇರಿರಲಿಲ್ಲ. ಅದರ ಫ್ರೇಮು ಎರಡು ಸಲ ಬೆಸುಗೆ ಕಂಡಿತ್ತು. ಪಕ್ಕದ ಊರಿಗೆ ಸರಿ, ಪಕ್ಕದ ದ್ವೀಪಕ್ಕಲ್ಲ. ಹಾಗಾಗಿ ಅವಳು ಸಂತೆಗೆ ಬಂದದ್ದು.

ಲೆಗಿ ಸಂತೆಯಲ್ಲಿ ಹಳೇ ಸೈಕಲ್ಲುಗಳ ಸಾಲು ಇರುವುದು ಮೇಕೆಗಳ ಸಾಲಿನ ಪಕ್ಕ. ಅಲ್ಲಿ ಕಸ್ನಾವಿ ಎಂಬವನು ಬಾಗಿದ ತೆಂಗಿನ ಮರಕ್ಕೆ ಒಂದಕ್ಕೊಂದು ಒರಗಿಸಿ ಸೈಕಲ್ಲು ಮಾರುತ್ತಿದ್ದ. ಬಾಯಿ ಜೋರು. ಅವನ ಕೀಲುನೋವಿಗೆ ರುಬಿಯಾಳ ಕಷಾಯವೇ ಆಗಬೇಕಿತ್ತು, ಆದ್ದರಿಂದ ಅವಳ ಹತ್ತಿರ ಮಾತ್ರ ಸುಳ್ಳು ಕಡಿಮೆ.

"ಕಾಂಗ್, ಬೆಟ್ಟ ಹತ್ತಬೇಕು, ಕೆಸರಲ್ಲಿ ಹೋಗ್ಬೇಕು, ಭಾರ ಹೊರಬೇಕು, ಬೆಲೆ ಕಮ್ಮಿ ಇರ್ಬೇಕು," ಎಂದಳು ಅವಳು. ಅಣ್ಣನ ಸಮಾನದವರನ್ನು ಕರೆಯುವುದು ಕಾಂಗ್ ಎಂದು.

"ಅದು ಸೈಕಲ್ಲಲ್ಲ, ಕೋಣ. ಆ ಕಡೆ ಸಾಲಿಗೆ ಹೋಗು."

"ಕೋಣಕ್ಕೆ ಬ್ರೇಕ್ ಇಲ್ವಲ್ಲ."

ಕಸ್ನಾವಿ ನಕ್ಕು ಸಾಲಿನ ಹಿಂದಿನಿಂದ ಒಂದನ್ನು ಎಳೆದ. ಹಸಿರು ಬಣ್ಣ ಮಾಸಿ ಹೋಗಿತ್ತು, ಹೆಸರಿನ ಅಕ್ಷರವೂ ಉಳಿದಿರಲಿಲ್ಲ. ಬೆಟ್ಟ ಹತ್ತುವವರಿಗೆಂದು ಹಿಂದೆ ಮಾಡುತ್ತಿದ್ದ ಉಕ್ಕಿನ ಸೈಕಲ್. ಸೀಟು ಹರಿದಿತ್ತು, ಟೈರು ಬಿರುಕು ಬಿಟ್ಟಿತ್ತು. ಆದರೆ ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ಕೈಬಿಟ್ಟರೆ ಟಪ್ ಎಂದು ಒಂದೇ ಸದ್ದು ಬಂತು, ಎಲ್ಲೂ ಗಡಗಡ ಇಲ್ಲ. ಹಿಂದೆ ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲೇ ತೂತುಗಳಿದ್ದವು. ರುಬಿಯಾ ಅದನ್ನು ಬೆರಳು ಹಾಕಿ ನೋಡಿದಳು.

"ಹಲ್ಲು ನೋಡು ಯು, ಹಲ್ಲು!" ಎಂದು ಪಕ್ಕದ ಮೇಕೆಯವನು ಕೂಗಿದ. "ಮೇಕೆ ಆದ್ರೇನು ಸೈಕಲ್ ಆದ್ರೇನು, ಬಾಯಿ ತೆಗೆಸದೆ ತಗೋಬೇಡ."

"ನಿನ್ನ ಮೇಕೆಗೆ ಗೇರ್ ಇದ್ಯೇನೋ?" ಎಂದ ಕಸ್ನಾವಿ.

"ಇದೆ. ಹಿಂದಕ್ಕೆ ಮಾತ್ರ ಹೋಗುತ್ತೆ."

ರುಬಿಯಾ ಕೂತು ಚೈನಿನ ಚಕ್ರಗಳ ಹಲ್ಲು ನೋಡಿದಳು. ಸವೆದಿದ್ದವು, ಚೂಪಾಗಿರಲಿಲ್ಲ. ಇನ್ನೊಂದು ಮಳೆಗಾಲಕ್ಕೆ ಬರುತ್ತವೆ. ಚಕ್ರದ ಅಳತೆಯೂ ಯಾವ ಹಳ್ಳಿಯ ಪಂಚರ್ ಅಂಗಡಿಯಲ್ಲಾದರೂ ಟ್ಯೂಬು ಸಿಗುವಂಥದು. ಉಪ್ಪಿನವನಿಂದ ಒಂದು ಮೂಟೆ ಕೇಳಿ ಹಿಂದೆ ಹೇರಿಕೊಂಡು, ಮೇಕೆ ತುಳಿದ ಕೆಸರಿನಲ್ಲಿ ಒಂದು ಸುತ್ತು ಹೊಡೆದು, ಮಸೀದಿಯ ಪಕ್ಕದ ಕಲ್ಲು ಹಾಸಿನ ಏರಿನಲ್ಲಿ ಸೀಟಿನಿಂದ ಏಳದೆ ಹತ್ತಿ ಇಳಿದು ಬಂದಳು. ಉಸಿರು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ.

"ಸೀಟು, ಟೈರು ಬದಲಾಯಿಸ್ಬೇಕು," ಎಂದಳು.

"ನಿನ್ನ ಮಂಡಿ ಬದಲಾಯಿಸೋಕ್ಕಿಂತ ಸುಲಭ."

"ಮುಂದಿನ ಲೆಗಿಗೆ ಬರ್ತೀನಿ. ಎತ್ತಿಡು."

ಕಸ್ನಾವಿ ಆ ಸೈಕಲ್ಲಿನ ಹ್ಯಾಂಡಲನ್ನು ಮರದ ಕಡೆ ತಿರುಗಿಸಿ ನಿಲ್ಲಿಸಿದ. ಹಾಗೆ ಮುಖ ತಿರುಗಿಸಿ ನಿಂತ ಸೈಕಲ್ಲಿಗೆ ಆ ಸಂತೆಯಲ್ಲಿ ಇನ್ನೊಬ್ಬರು ಬೆಲೆ ಕೇಳುವುದಿಲ್ಲ.

ಮಾರನೆಯ ದಿನ ಸಂಜೆ ಪ್ರಾಪ್ತೊ ತನ್ನ ಲಾರಿ ಮನೆ ಮುಂದೆ ನಿಲ್ಲಿಸಿದ. ಹೊಳೆಯಿಂದ ಮರಳು, ಕಲ್ಲು ಹೇರುವ ಬಾಡಿಗೆ ಲಾರಿ ಅವನದು. ಹಿಂಬದಿಯ ಹಲಗೆ ಇಳಿಸಿ, ಗೋಣಿಯಲ್ಲಿ ಸುತ್ತಿದ್ದನ್ನು ಎರಡು ಕೈಯಲ್ಲಿ ತಬ್ಬಿ ಇಳಿಸಿದ. ಗೋಣಿ ತೆಗೆದಾಗ ಅಂಗಳಕ್ಕೆ ಅಂಗಳವೇ ಕೆಂಪಾಯಿತು. ಹೊಸ ಸೈಕಲ್. ಮುಂದೆ ಸ್ಪ್ರಿಂಗು, ಹಿಂದೆ ಕೊಬ್ಬರಿ ಗಿಟುಕಿನಷ್ಟು ದಪ್ಪದ ಇನ್ನೊಂದು ಸ್ಪ್ರಿಂಗು. ಮೈತುಂಬ ಬಿಳಿ ಗೆರೆ. ಫಳಫಳ ಹೊಳೆಯುವ ಬೆಲ್ಲು.

"ಮಾಕ್, ನಿಮಗೇ," ಎಂದ. ಅವನು ಅತ್ತೆಯನ್ನು ತಾಯಿಯನ್ನು ಕರೆದ ಹಾಗೆ ಮಾಕ್ ಎಂದೇ ಕರೆಯುತ್ತಿದ್ದ. "ಕಲ್ಲಿನ ಮೇಲೆ ಹೋದ್ರೂ ಸೊಂಟಕ್ಕೆ ಗೊತ್ತಾಗಲ್ಲ ಅಂದ ಅಂಗಡಿಯವನು. ಹರಕೆ ನೀವು ಹೊತ್ತಿದ್ರೂ ಹೊತ್ತಿದ್ದು ನನ್ನ ಹೆಂಡ್ತಿ ಮಗೂಗೆ ಅಲ್ವಾ? ಸೈಕಲ್ಲಾದ್ರೂ ನಂದಿರ್ಲಿ."

ರುಬಿಯಾ ಹ್ಯಾಂಡಲ್ ಹಿಡಿದು ಸ್ವಲ್ಪ ಎತ್ತಿ ನೋಡಿದಳು. ಎತ್ತಿದ ಕೂಡಲೇ ಅವಳಿಗೆ ಗೊತ್ತಾಯಿತು. ಅಷ್ಟು ಭಾರ. ಕ್ಯಾರಿಯರ್ ಕೂರಿಸುವ ಜಾಗದಲ್ಲಿ ಸ್ಪ್ರಿಂಗು ಕೂತಿತ್ತು. ಅವಳು, "ಬಹಳ ಚೆನ್ನಾಗಿದೆ ಮಗಾ," ಎಂದಳು.

ಬೇಲಿಯ ಆಚೆಯಿಂದ ನೆರೆಮನೆಯ ತೋಯಿಬ್ ಬಂದು ಸುತ್ತ ಸುತ್ತಿ ನೋಡಿದ. ಊರಿಗೆಲ್ಲ ಚಿಕ್ಕಪ್ಪ ಅವನು, ಎಲ್ಲರಿಗೂ ಲಿಕ್ ತೋಯಿಬ್.

"ಅಳಿಯ ಅಂದ್ರೆ ಇವನು. ನನ್ನ ಅಳಿಯ ಒಂದು ಟಾರ್ಚು ಕೊಟ್ಟ, ಅದೂ ಸೆಲ್ ಇಲ್ದೆ," ಎಂದ. "ಆದ್ರೂ ಯು ರುಬಿಯಾ, ನನ್ನ ಮಾತು ಕೇಳು. ಬಸ್ ಹತ್ತು. ಬಸ್ಸೊಳಗೆ ಸೈಕಲ್ ನಿಲ್ಸು, ಅದರ ಮೇಲೆ ನೀನು ಕೂತ್ಕೋ. ಹರಕೆನೂ ತೀರುತ್ತೆ, ಮಂಡಿನೂ ಉಳಿಯುತ್ತೆ."

"ಹರಕೆ ಹೊತ್ತಿದ್ದು ಡ್ರೈವರಾ, ಲಿಕ್?"

"ಸಮುದ್ರದ ಮೇಲೂ ತುಳೀತೀಯಾ ಹಾಗಾದ್ರೆ?"

"ಹಡಗಲ್ಲಿ ಸುತ್ತ ತುಳೀತಾ ಇರ್ತೀನಿ. ನೀನು ಬಂದು ಎಣಿಸು."

ಎಲ್ಲರೂ ನಕ್ಕರು. ಪ್ರಾಪ್ತೊ ತೋಳಿನಿಂದ ಸೀಟಿನ ಧೂಳು ಒರೆಸಿದ, ಅಲ್ಲಿ ಧೂಳಿರಲಿಲ್ಲ.

ಆಗ ರುಬಿಯಾಳಿಗೆ ಏನೋ ಕಡಿಮೆ ಇದೆ ಅನ್ನಿಸಿತು. ಲಾರಿಯ ಸದ್ದು ಕೇಳಿದರೆ ಸಾಕು, ಜಗಲಿಯ ಪಂಜರದಲ್ಲಿ ಮುರಾಯ್ ಹಕ್ಕಿ ಬಾಲ ಎತ್ತಿ ಕೂಗುತ್ತಿತ್ತು. ಪ್ರಾಪ್ತೊ ಅದನ್ನು ರೆಕ್ಕೆ ಬಲಿಯದ ಮರಿಯಾಗಿದ್ದಾಗಿನಿಂದ ಮಿಡತೆ ತಿನ್ನಿಸಿ ಸಾಕಿದ್ದ. ಹಾಡುವ ಹಕ್ಕಿಗಳ ಪಂದ್ಯಗಳಲ್ಲಿ ಎರಡು ಸಲ ಹೆಸರು ತಂದಿತ್ತು. ಈಗ ಪಂಜರವಿತ್ತು, ಬಾಗಿಲು ತೆರೆದಿತ್ತು.

ಅಡುಗೆಮನೆಯಲ್ಲಿ ಕುಸ್ಮಿನಿ ಸೋಯಾಕಾಳು ಹುದುಗಿಸಿ ಮಾಡಿದ ತೆಂಪೆ ಹುರಿಯುತ್ತ, ತಿರುಗದೆ, ಮೆಲ್ಲಗೆ ಹೇಳಿದಳು: "ಮಾಕ್, ಹಕ್ಕಿ ವಿಷಯ ಅವರ ಹತ್ರ ಎತ್ಬೇಡ."

"ಯಾರಿಗೆ ಕೊಟ್ಟ?"

"ಪೇಟೆಯವರಿಗೆ. ಪಂಜರ ಬೇಡ ಅಂದ್ರಂತೆ. ಅವರ ಹತ್ರ ಒಳ್ಳೇದು ಇದ್ಯಂತೆ."

ರಾತ್ರಿ ಊಟಕ್ಕೆ ಕೂತಾಗ ಅರುಮಿ, "ಅಪ್ಪಾ, ಹಕ್ಕಿ ಎಲ್ಲಿ?" ಎಂದಳು. "ಪ್ರಯಾಣ ಹೋಗಿದೆ," ಎಂದ ಪ್ರಾಪ್ತೊ. "ಅಜ್ಜಿ ಹಾಗೇನಾ?" "ಹೂಂ, ಅಜ್ಜಿ ಹಾಗೇ." ಜೋಳದನ್ನ ಎಲ್ಲರ ತಟ್ಟೆಯಲ್ಲೂ ಸ್ವಲ್ಪ ಉಳಿಯಿತು.

ಸೈಕಲ್ ಒಳ್ಳೆಯದೇ ಇರಬಹುದು, ನನ್ನ ಕೈಯೇ ಹಳೆಯದಾಗಿದೆ ಎಂದು ರುಬಿಯಾ ಎರಡು ದಿನ ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ಪ್ರಾಪ್ತೊ ಹೊಳೆಗೆ ಹೋದ ಮೇಲೆ, ಸೀಟಿನ ಕಂಬಕ್ಕೆ ಕಚ್ಚಿಸುವ ಕ್ಯಾರಿಯರ್ ಒಂದನ್ನು ಬಿಗಿದು, ಅದರ ಮೇಲೆ ಬುಟ್ಟಿ ಕಟ್ಟಿ, ಎಂದಿನ ಹಾಗೆ ಬಾಟಲಿ ತುಂಬಿಕೊಂಡು ಹೊರಟಳು. ಲಾಂಪುಂಗಿನ ತೂಕ ಇದಕ್ಕಿಂತ ಹೆಚ್ಚೇ ಆಗುತ್ತಿತ್ತು, ಕಡಿಮೆಯಲ್ಲ.

ಟಾರ್ ರೋಡಿನಲ್ಲಿ ಹೋಯಿತು. ತಂಬಾಕಿನ ಹೊಲಗಳ ಮಧ್ಯದ ಏರಿಗೆ ತಿರುಗಿದಾಗ ಅವಳು ಒಂದು ಸಲ ತುಳಿದರೆ ಸೈಕಲ್ ಒಂದು ಸಲ ಕುಪ್ಪಳಿಸುತ್ತಿತ್ತು. ಕಾಲಿನ ಬಲದಲ್ಲಿ ಅರ್ಧ ಸ್ಪ್ರಿಂಗಿನ ಪಾಲು, ಉಳಿದರ್ಧ ದಾರಿಯ ಪಾಲು. ಸಸಿ ನೆಡುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿ, "ಯು, ಕುದುರೆ ಸವಾರಿನಾ?" ಎಂದರು. ಅವಳು ಕೈ ಬೀಸಿದಳು, ಮಾತಿಗೆ ಉಸಿರಿರಲಿಲ್ಲ.

ಆಚೆ ಕಡೆ ಹೊಳೆಗೆ ಇಳಿಯುವ ಕಲ್ಲಿನ ದಾರಿ. ನಾಲ್ಕು ಕಲ್ಲು ದಾಟಿದ್ದಳು, ಐದನೆಯದಕ್ಕೆ ಹಿಂದಿನ ಸ್ಪ್ರಿಂಗು ಕೂತು ಎದ್ದ ರಭಸಕ್ಕೆ ಕ್ಯಾರಿಯರ್ ಕಂಬದ ಸುತ್ತ ತಿರುಗಿತು, ಬುಟ್ಟಿ ಪಕ್ಕಕ್ಕೆ ವಾಲಿತು, ಸೈಕಲ್ಲೂ ಅದರ ಹಿಂದೆ ವಾಲಿತು. ಅವಳು ಬೀಳಲಿಲ್ಲ, ಜಿಗಿದು ನಿಂತಳು. ಬಾಟಲಿಗಳು ನಿಲ್ಲಲಿಲ್ಲ. ಅರಿಸಿನದ ಕಷಾಯ ಸೀಟಿನ ಮೇಲಿಂದ ಇಳಿದು, ಕಲ್ಲು ಕಲ್ಲಿಗೂ ಹಳದಿ ಬಳಿಯುತ್ತ ಹೊಳೆಯ ಕಡೆ ಹೋಯಿತು. ಅವಳು ಗಾಜಿನ ಚೂರುಗಳನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದಳು. ಸೈಕಲ್ಲನ್ನು ನೀರಿಗಿಳಿಸಿ ಉಜ್ಜಿ ಉಜ್ಜಿ ತೊಳೆದಳು. ಕೆಂಪು ಬಣ್ಣದ ಮೇಲಿಂದ ಅರಿಸಿನ ಹೋಯಿತು. ಸೀಟಿನ ಬಿಳಿ ಹೊಲಿಗೆಯಿಂದ ಹೋಗಲಿಲ್ಲ.

ಮನೆಗೆ ಬರುವಾಗ ತೋಯಿಬನ ಮನೆ ಮುಂದಿನ ದಾರಿ ಬಿಟ್ಟು ಬಾಳೆತೋಟದ ಹಿಂದಿನಿಂದ ತಳ್ಳಿಕೊಂಡು ಬಂದಳು. ಸಂಜೆ ಪ್ರಾಪ್ತೊ, "ಹೇಗಿದೆ ಮಾಕ್, ಓಡ್ಸಿದ್ರಾ?" ಎಂದು ಕೇಳಿದ. "ಓಡ್ಸಿದೆ. ಮೆತ್ತಗಿದೆ," ಎಂದಳು. ಅದು ಸುಳ್ಳಾಗಿರಲಿಲ್ಲ.

ಲೆಗಿಯ ದಿನ ಬಂತು. ಕ್ಯಾರಿಯರ್ ಸರಿಮಾಡಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ, ಕೆಂಪು ಸೈಕಲ್ ತಳ್ಳಿಕೊಂಡು ಅವಳು ಕಸ್ನಾವಿಯ ಮುಂದೆ ನಿಂತಳು. ಹಸಿರು ಸೈಕಲ್ ಇನ್ನೂ ಮರದ ಕಡೆಗೇ ಮುಖಮಾಡಿ ನಿಂತಿತ್ತು.

ಕಸ್ನಾವಿ ಎರಡನ್ನೂ ನೋಡಿದ. "ಮದುವೆ ಆದ್ಮೇಲೆ ಹಳೇ ಪರಿಚಯದವನ್ನ ನೋಡೋಕ್ಕೆ ಬಂದ ಹಾಗಿದೆ ನೀನು."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಹಕ್ಕಿಯ ವಿಷಯವನ್ನು ಕೊನೆಯಲ್ಲಿ ಹೇಳಿದಳು. ಕಸ್ನಾವಿ ಬೀಡಿ ಹಚ್ಚುವವನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ.

"ಅವನಿಗೇ ಹೇಳ್ಬಿಡಬಾರ್ದಾ ಯು?"

"ಏನಂತ ಹೇಳ್ಲಿ? ಹಕ್ಕಿ ಮಾರಿದ್ದು ದಂಡ ಆಯ್ತು ಅಂತಾನಾ?"

"ಹಾಗಲ್ಲ…"

"ಇನ್ನು ಹೇಗೆ ಹೇಳಿದ್ರೂ ಹಾಗೇ ಕೇಳ್ಸುತ್ತೆ ಅವನಿಗೆ."

"ಹಾಗಾದ್ರೆ ಇದರಲ್ಲೇ ಹೋಗು."

"ಇದರಲ್ಲಿ ನಾನು ಬಂದರು ಮುಟ್ಟಲ್ಲ. ಮುಟ್ದೆ ಇದ್ರೆ ಹರಕೆ ಹಾಗೇ ಉಳಿಯುತ್ತೆ. ಯಾರ ಮೇಲೆ ಹೊತ್ತಿದ್ದು ಅಂತ ನಿನಗೆ ಗೊತ್ತು."

ಕಸ್ನಾವಿ ಹೊಸ ಸೈಕಲ್ಲಿನ ಟೈರು ಒತ್ತಿದ. "ಟೈರು ಮಾತ್ರ ಚೆನ್ನಾಗಿವೆ," ಎಂದ. "ಒಳ್ಳೇ ದಪ್ಪ. ಅಳತೆನೂ ಒಂದೇ. ನಿನ್ನ ಹಸಿರು ಮುದುಕನಿಗೆ ಹಾಕಿದ್ರೆ ಸರಿಯಾಗಿ ಕೂರ್ತವೆ."

ರುಬಿಯಾ ಎರಡು ಸೈಕಲ್ಲುಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಕೂತು ಒಂದೊಂದಾಗಿ ಕೈಯಿಟ್ಟು ತೋರಿಸಿದಳು: ಟೈರು, ಟ್ಯೂಬು, ಸೀಟು, ಪೆಡಲ್, ಮಡ್‌ಗಾರ್ಡು, ದೀಪ, ಬ್ರೇಕಿನ ರಬ್ಬರು. ಎಲ್ಲ ಬಿಚ್ಚಿ ಹಸಿರಿಗೆ ಹಾಕು. ಹಸಿರಿಗೆ ಕೆಂಪು ಬಳಿ.

"ಏನು?"

"ಅವನ ಸೈಕಲ್ಲೇ ಹೋಗುತ್ತೆ ಲಾಂಪುಂಗಿಗೆ. ಮೂಳೆ ಮಾತ್ರ ನಿಂದು."

"ಮುದುಕನಿಗೆ ಮದುವೆ ಗಂಡಿನ ಅಂಗಿ," ಎಂದ ಕಸ್ನಾವಿ. "ಅವನಿಗೆ ಕಣ್ಣಿಲ್ವಾ ಯು? ದಿನಾ ಲಾರಿ ಹೊಡೆಯೋನು. ಹಿಂದಿನ ಸ್ಪ್ರಿಂಗ್ ಇಲ್ದೇ ಇದ್ರೆ ಕಾಣಲ್ವಾ?"

"ಕ್ಯಾರಿಯರ್‌ಗೋಸ್ಕರ ತೆಗೆಸ್ದೆ ಅಂತೀನಿ."

"ನಂಬ್ತಾನಾ?"

ಅವಳು ಹಸಿರು ಸೈಕಲ್ಲಿನ ದುಡ್ಡನ್ನು ಸೊಂಟದ ಗಂಟಿನಿಂದ ಬಿಚ್ಚಿ ಕೊಟ್ಟಳು. ಕೆಂಪು ಫ್ರೇಮನ್ನು ಮಾರಬಾರದು, ತಾನು ವಾಪಸ್ಸು ಬಂದ ಮೇಲೆ ಎಲ್ಲವನ್ನೂ ಮೊದಲಿನ ಹಾಗೆ ಕೂರಿಸಿಕೊಡಬೇಕು ಎಂದಳು. ಕಸ್ನಾವಿ ಒಪ್ಪಿದ. ಬಣ್ಣ ಒಣಗಬೇಕು, ಮುಂದಿನ ಲೆಗಿಗೆ ಬಾ ಎಂದ. ಕ್ಯಾರಿಯರ್ ಕೆಲಸಕ್ಕೆಂದು ಸೈಕಲ್ಲನ್ನು ಕಸ್ನಾವಿಯ ಹತ್ತಿರ ಬಿಟ್ಟಿದ್ದೇನೆ ಎಂದು ಅವಳು ಮನೆಯಲ್ಲಿ ಹೇಳಿದಳು.

ಆ ಲೆಗಿ ಸೋಮವಾರ ಬಿತ್ತು. ರುಬಿಯಾ ಹೋದಾಗ ಸೈಕಲ್ ತಯಾರಾಗಿ, ಹ್ಯಾಂಡಲನ್ನು ಜನರ ಕಡೆ ತಿರುಗಿಸಿ ನಿಂತಿತ್ತು. ಬಣ್ಣ ಅಂಗಡಿಯ ಕೆಂಪಲ್ಲ, ಅದರ ಅಣ್ಣನ ಕೆಂಪು. ಬಿಳಿ ಗೆರೆಗಳನ್ನು ಕಸ್ನಾವಿ ತಾನೇ ಎಳೆದಿದ್ದ, ಒಂದು ಕಡೆ ಕೈ ನಡುಗಿತ್ತು. ಹೊಸ ಸೈಕಲ್ಲಿನ ಎಲುಬುಗೂಡನ್ನು ತಂಬಾಕು ಒಣಗಿಸುವ ಬಿದಿರು ತಟ್ಟಿಗಳ ನಡುವೆ ಮುಚ್ಚಿ ಸಂತೆ ಬೀದಿಯ ತನ್ನ ಮನೆಯ ಅಟ್ಟದಲ್ಲಿಟ್ಟಿದ್ದಾಗಿ ಹೇಳಿದ.

ಮನೆಯ ಕಡೆ ತುಳಿಯುತ್ತ, ತಿರುವಿನಲ್ಲಿ ಕೋಳಿ ಅಡ್ಡ ಬಂದಾಗ ಅವಳ ಹೆಬ್ಬೆರಳು ಬೆಲ್ಲು ಹುಡುಕಿತು. ಬೆಲ್ಲು ಇರಲಿಲ್ಲ. ಹಳೇ ಹ್ಯಾಂಡಲ್ಲೇ ಉಳಿದುಕೊಂಡದ್ದರಿಂದ ಹೊಸ ಹ್ಯಾಂಡಲಿನ ಬೆಲ್ಲು ಅಟ್ಟದ ಮೇಲೆಯೇ ಹೋಗಿಬಿಟ್ಟಿತ್ತು. ಅವಳು ಬಾಯಲ್ಲೇ ಶೂ ಎಂದು ಕೋಳಿ ಓಡಿಸಿದಳು. ವಾಪಸ್ಸು ಹೋಗಲು ಹೊತ್ತಿರಲಿಲ್ಲ.

ಅಂದು ಸಂಜೆ ಪ್ರಾಪ್ತೊ ಬಾವಿಕಟ್ಟೆಯಲ್ಲಿ ಕಾಲು ತೊಳೆದು ಸೈಕಲ್ಲಿನ ಹತ್ತಿರ ಬಂದ. ರುಬಿಯಾ ಶುಂಠಿ ಅರೆಯುತ್ತಿದ್ದಳು. ಒರಳಿನ ಸದ್ದು ನಿಲ್ಲಿಸಲಿಲ್ಲ.

"ಹಿಂದಿನ ಸ್ಪ್ರಿಂಗ್ ತೆಗೆದ್ರಾ ಮಾಕ್?"

"ಹೂಂ. ಕ್ಯಾರಿಯರ್ ಕೂರ್ಸೋಕ್ಕೆ ಅಡ್ಡ ಬರ್ತಿತ್ತಂತೆ."

"ಮುಂದಿಂದು?"

"ಅದನ್ನೂ ತೆಗೆದ. ಒಂದೇ ಇದ್ರೆ ತೂಕ ತಪ್ಪುತ್ತಂತೆ."

ಪ್ರಾಪ್ತೊ ಬಗ್ಗಿ ಫ್ರೇಮಿನ ಮೇಲೆ ಅಂಗೈ ಆಡಿಸಿದ. ಬೆಸುಗೆಯ ಜಾಗದಲ್ಲಿ ಕೈ ಸ್ವಲ್ಪ ನಿಂತಿತು. ಸೀಟಿನ ಹೊಲಿಗೆಯಲ್ಲಿದ್ದ ಹಳದಿ ಕಲೆಯನ್ನು ಉಗುರಿನಿಂದ ಕೆರೆದ. ಉಗುರು ಮೂಸಿ ನೋಡಿದ. ಆಮೇಲೆ ಎದ್ದು ನಿಂತು ಒಂದೇ ಕೈಯಲ್ಲಿ ಸೈಕಲ್ ಎತ್ತಿ ಇಳಿಸಿದ.

"ಹಗುರ ಆಗಿದೆ," ಎಂದ.

"ಹೂಂ."

ಅವನು ಒಳಗೆ ಹೋದ. ಕುಸ್ಮಿನಿ ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡಿದಳು. ರುಬಿಯಾ ಅರೆಯುತ್ತಲೇ ಇದ್ದಳು. ಆ ಶುಂಠಿ ಅಷ್ಟು ನುಣ್ಣಗಾಗಬೇಕಾಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಪ್ರಯಾಣದ ಪ್ರಾರ್ಥನೆಯ ಊಟ. ಅಂಗಳದಲ್ಲಿ ಚಾಪೆ ಹಾಸಿ, ಅನ್ನದ ಗೋಪುರದ ಸುತ್ತ ಮೊಟ್ಟೆ, ತೆಂಪೆ, ಸೊಪ್ಪು ಜೋಡಿಸಿ ನೆರೆಹೊರೆಯ ಗಂಡಸರು ಕೂತರು. ಸೈಕಲ್ ಎಲ್ಲರಿಗೂ ಕಾಣುವ ಹಾಗೆ ಜಗಲಿಗೆ ಒರಗಿತ್ತು. ಅದನ್ನು ಅಲ್ಲಿ ನಿಲ್ಲಿಸಿದವನು ಪ್ರಾಪ್ತೊನೇ. ಮೇಲೆ ಖಾಲಿ ಪಂಜರ. ರುಬಿಯಾ ಒಳಗಿನಿಂದ ಬಡಿಸಲು ಕೊಡುತ್ತಿದ್ದಳು. ಕಿವಿ ಮಾತ್ರ ಹೊರಗಿತ್ತು.

ಪ್ರಾರ್ಥನೆ ಮುಗಿದು ಬಾಯಿಗೆ ಅನ್ನ ಹೋದ ಕೂಡಲೇ ತೋಯಿಬ್ ಶುರುಮಾಡಿದ. "ಪ್ರಾಪ್ತೊ, ನೀನು ತಂದಿದ್ದು ಇದೇನಾ? ಅವತ್ತು ನೋಡ್ದಾಗ ಒಳ್ಳೇ ಗೂಳಿ ಹಾಗಿತ್ತು. ಯಾಕೋ ಬಡವಾಗಿದೆ."

ಇಬ್ಬರು ಮೂವರು ತಿರುಗಿ ಸೈಕಲ್ ನೋಡಿದರು. ರುಬಿಯಾಳ ಕೈಯಲ್ಲಿ ಸೊಪ್ಪಿನ ತಟ್ಟೆ ಅಲ್ಲೇ ನಿಂತಿತು. ಹೌದಪ್ಪಾ ಇದಲ್ಲ ಎಂದು ಅವನೊಂದು ಮಾತು ಹೇಳಿದರೆ ಊರೆಲ್ಲ ಸಂಜೆಯೊಳಗೆ ಆಡಿಕೊಳ್ಳುತ್ತಿತ್ತು, ಹಕ್ಕಿಯಿಂದ ಹಿಡಿದು ಅಟ್ಟದವರೆಗೆ.

ಪ್ರಾಪ್ತೊ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದ. "ದೂರ ಹೋಗ್ಬೇಕಲ್ಲ ಲಿಕ್," ಎಂದ. "ಮೈ ಇಳ್ಸಿದೆ. ನೀವೂ ಬರೋದಾದ್ರೆ ಇವತ್ತಿಂದ ಅನ್ನ ಬಿಡಿ."

ಅಂಗಳ ನಕ್ಕಿತು. ತೋಯಿಬನೂ ನಕ್ಕು, ಅನ್ನ ಬಿಡುವ ಬದಲು ಇನ್ನೊಂದು ಮೊಟ್ಟೆ ಹಾಕಿಸಿಕೊಂಡ. ರುಬಿಯಾ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ಒಲೆಯ ಹತ್ತಿರ ಹೋಗಿ ಕೂತಳು. ನಂಬಿ ಹೇಳಿದನೋ ಗೊತ್ತಿದ್ದೂ ಹೇಳಿದನೋ ಎಂದು ಅವಳಿಗೆ ತಿಳಿಯಲಿಲ್ಲ. ಕೇಳುವ ದಾರಿಯೂ ಇರಲಿಲ್ಲ. ಊಟವಾದ ಮೇಲೆ ಪ್ರಾಪ್ತೊ, ಸಂತೆ ಬೀದಿಗೆ ಒಂದು ಲೋಡು ಕಲ್ಲು ಹಾಕುವುದಿದೆ ಎಂದು ಲಾರಿ ತೆಗೆದುಕೊಂಡು ಹೋದ.

ಬೆಳಗಾಯಿತು. ರುಬಿಯಾ ನಮಾಜು ಮುಗಿಸಿ, ದಾರಿಗೆಂದು ಬಾಳೆಲೆಯಲ್ಲಿ ಕಟ್ಟಿದ ಅನ್ನ, ಒಂದು ಟ್ಯೂಬು, ಪಂಪು, ಒಂದು ಜೊತೆ ಬಟ್ಟೆ, ಅಕ್ಕನಿಗೆಂದು ಒಣಗಿಸಿದ ಕಚ್ಚೋರ, ಇಷ್ಟನ್ನು ಕ್ಯಾರಿಯರಿನ ಎರಡು ಕಡೆಗೂ ಸಮವಾಗಿ ಕಟ್ಟಿದಳು. ಕ್ಯಾರಿಯರ್ ಅಲುಗಲಿಲ್ಲ. ಕುಸ್ಮಿನಿ ಅಳು ಬರುವ ಮುಂಚೆಯೇ ಅರುಮಿಯನ್ನು ಎತ್ತಿಕೊಂಡು ನಿಂತಿದ್ದಳು. ತೋಯಿಬ್ ಹೊದ್ದ ಲುಂಗಿಯಲ್ಲೇ ಬೇಲಿಗೆ ಬಂದಿದ್ದ.

ಪ್ರಾಪ್ತೊ ಸ್ಕ್ರೂಡ್ರೈವರ್ ಹಿಡಿದು ಬಂದ. ಹ್ಯಾಂಡಲಿನ ಮುಂದೆ ಬಗ್ಗಿ, ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಎಡಗಡೆ ಕೂರಿಸಿ ಸ್ಕ್ರೂ ತಿರುಗಿಸಿದ. ಫಳಫಳ ಹೊಳೆಯುವ ಬೆಲ್ಲು. ಅದರ ಸಂದಿಯಲ್ಲಿ ಬಿದಿರು ತಟ್ಟಿಯ ಒಂದು ಸಿಬರು ಸಿಕ್ಕಿಕೊಂಡಿತ್ತು. ಅವನು ಅದನ್ನು ಉಗುರಿನಿಂದ ತೆಗೆದು ಕೆಳಗೆ ಹಾಕಿದ.

"ಇದು ಬಿದ್ದೋಗಿತ್ತು ಮಾಕ್," ಎಂದ.

"ಎಲ್ಲಿತ್ತು?"

"ದಾರೀಲಿ."

ರುಬಿಯಾ ಅವನನ್ನು ನೋಡಿದಳು. ಅವನು ಸ್ಕ್ರೂ ಬಿಗಿಯಾಗಿದೆಯೇ ಎಂದು ನೋಡುತ್ತಿದ್ದ.

"ಬಂದ್ಮೇಲೆ…" ಎಂದಳು ಅವಳು.

"ಬಂದ್ಮೇಲೆ ನೋಡೋಣ. ಇಳಿಜಾರಲ್ಲಿ ಎರಡೂ ಬ್ರೇಕ್ ಹಿಡೀರಿ. ಅಕ್ಕನ ಮನೇಲಿ ಅನ್ನ ತಿಂದ ತಕ್ಷಣ ಫೋನ್ ಮಾಡ್ಸಿ."

"ಹೂಂ ಮಗಾ."

ಅರುಮಿ ಕೈ ಚಾಚಿ ಬೆಲ್ಲು ಹೊಡೆದಳು, ಇನ್ನೊಂದು ಸಲ ಹೊಡೆದಳು, ಸಾಕು ಎಂದರೂ ಹೊಡೆದಳು. ರುಬಿಯಾ ಉಟ್ಟ ಬಟ್ಟೆಯ ಅಂಚು ಎತ್ತಿ ಸಿಕ್ಕಿಸಿ ಸೀಟಿನ ಮೇಲೆ ಕೂತಳು. ಟಾರ್ ರೋಡಿನವರೆಗೂ ಅವಳು ಕಾಣುತ್ತಿದ್ದಳು. ಆಮೇಲೆ ಮಂಜಿನಲ್ಲಿ ಕಾಣಲಿಲ್ಲ, ಬೆಲ್ಲು ಮಾತ್ರ ಕೇಳಿಸಿತು. ಪ್ರಾಪ್ತೊ ಅದು ನಿಲ್ಲುವವರೆಗೆ ಕೇಳಿ, ಜಗಲಿಯ ಪಂಜರವನ್ನು ಇಳಿಸಿ ಒಳಗಿಟ್ಟು, ಲಾರಿ ಹತ್ತಿ ಹೊಳೆಗೆ ಹೋದ.

ರುಬಿಯಾ ಲಾಂಪುಂಗಿಗೆ ಹೊರಟದ್ದು ಬುಧವಾರ, ಪೋನ್ ದಿನ.